ಕುಡಿಯದ ಹುಡುಗನ ಬಿಲ್ಲು

ನಮ್ಮ ಹುಡುಗರು ಊರು ಬಿಟ್ಟು ಹೊರಡುವಾಗ ಮನೆಯಲ್ಲಿ ಎರಡು ಪ್ರಶ್ನೆ ಖಂಡಿತ ಬರುತ್ತವೆ. ಅಲ್ಲಿ ಹಲಾಲ್ ಊಟ ಸಿಗ್ತದಾ? ಹತ್ತಿರದಲ್ಲಿ ಪಳ್ಳಿ ಉಂಟಾ? ದುಬೈ, ದಮ್ಮಾಮ್ ಆದರೆ ಕೇಳುವುದೇ ಬೇಡ. ಹೊಸೂರು, ಪುಣೆ, ಈಗೀಗ ಕೊರಿಯಾ, ಜಪಾನ್ ಎಂದರೆ ಮಾತ್ರ ಉಮ್ಮಂದಿರು ಎರಡೆರಡು ಸಲ ಕೇಳುತ್ತಾರೆ. ಉತ್ತರ ಸಿಕ್ಕಿದರೆ ಅರ್ಧ ಸಮಾಧಾನ. ಉಳಿದ ಅರ್ಧ ಒಂದು ನಂಬಿಕೆಯಿಂದ ಬರುತ್ತದೆ: "ನಮ್ಮವ ಕುಡಿಯುವವನಲ್ಲ, ಅವನಿಗೆ ಎಂಥ ಆಗ್ಲಿಕ್ಕುಂಟು?"

ನಾನು ಬರೆಯಲು ಕೂತದ್ದು ಆ ಉಳಿದ ಅರ್ಧದ ಬಗ್ಗೆ. ರಾತ್ರಿ ದೀಪದ ಬೋರ್ಡುಗಳ ಕೆಳಗೆ ನಿಂತು "ಬನ್ನಿ ಸಾರ್, ಎಂಟ್ರಿ ಫ್ರೀ" ಎಂದು ಕರೆಯುವವರಿದ್ದಾರಲ್ಲ, ಅವರ ವ್ಯಾಪಾರಕ್ಕೆ ಕುಡಿಯದ ಹುಡುಗನೇ ಒಳ್ಳೆಯ ಗಿರಾಕಿ. ಇದನ್ನು ನಾನು ಮೊದಲು ಕೇಳಿದ್ದು ಕೊರಿಯಾದಲ್ಲಿ. ಕಣ್ಣಾರೆ ಕಂಡದ್ದು ಹೊಸೂರಿನ ನಮ್ಮ ಬಾಡಿಗೆ ಮನೆಯಲ್ಲಿ.

2019ರ ಅಕ್ಟೋಬರಿನಲ್ಲಿ ನಮ್ಮ ಕಂಪೆನಿ ಕೊರಿಯಾದಿಂದ ಎರಡು ಸಿಎನ್‌ಸಿ ಲೇತ್ ತರಿಸಿತು. ಯಂತ್ರ ಹಡಗು ಹತ್ತುವ ಮೊದಲು ಅಲ್ಲೇ ನಮ್ಮ ಜಾಬ್ ಓಡಿಸಿ ಅಳತೆ ಸರಿ ಬರುತ್ತದೋ ಇಲ್ಲವೋ ನೋಡಬೇಕು. ಅದಕ್ಕೆಂದು ನನ್ನನ್ನೂ ಕ್ವಾಲಿಟಿ ವಿಭಾಗದ ಸೇಲಂ ಕಡೆಯ ಒಬ್ಬ ಅಣ್ಣನನ್ನೂ ಹದಿನೆಂಟು ದಿನಕ್ಕೆ ಚಾಂಗ್ವೊನ್‌ಗೆ ಕಳಿಸಿದರು. ಬುಸಾನ್ ಪಕ್ಕದ ಊರು ಅದು. 1970ರ ದಶಕದಲ್ಲಿ ಅಲ್ಲಿನ ಸರಕಾರ ಯೋಜನೆ ಹಾಕಿ ಕಟ್ಟಿದ ಯಂತ್ರಗಳ ಊರು. ನಮ್ಮ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶವೂ ಅದೇ ದಶಕದ್ದು. ಬೆಳಿಗ್ಗೆ ಶಿಫ್ಟ್ ಬಸ್ಸುಗಳು, ಮಧ್ಯಾಹ್ನ ಖಾಲಿ ರಸ್ತೆ, ಸಂಜೆ ಒಮ್ಮೆಲೆ ಜನ. ಬೋರ್ಡು ಓದಲು ಬರುವುದಿಲ್ಲ ಎನ್ನುವುದು ಬಿಟ್ಟರೆ ನನಗೆ ಅದು ಪರದೇಶ ಎನ್ನಿಸಲೇ ಇಲ್ಲ.

ಕಾರ್ಖಾನೆಯವರು ಮೊದಲ ವಾರವೇ ಊಟಕ್ಕೆ ಕರೆದುಕೊಂಡು ಹೋದರು. ಕೊರಿಯಾದಲ್ಲಿ ಕೆಲಸ ಮುಗಿಸಿ ಎಲ್ಲರೂ ಸೇರಿ ಉಣ್ಣುವುದಕ್ಕೆ 'ಹ್ವೆಶಿಕ್' ಎನ್ನುತ್ತಾರೆ. ಅದು ಊಟವೂ ಹೌದು, ಡ್ಯೂಟಿಯೂ ಹೌದು. ಸೋಜು ಎಂಬ ಮದ್ಯ ನೀರಿನ ಹಾಗೆ ಹರಿಯುತ್ತದೆ. ನಾನು ಕುಡಿಯುವುದಿಲ್ಲ, ಹಂದಿ ತಿನ್ನುವುದಿಲ್ಲ ಎಂದೆ. ಹಿರಿಯ ಫಿಟ್ಟರ್ ಒಬ್ಬರು ಏನೂ ಬೇಸರಿಸದೆ ನನಗೆ 'ಸೈಡರ್' ತರಿಸಿದರು. ಹೆಸರು ಕೇಳಿ ಮತ್ತೆ ಗಾಬರಿಯಾಯಿತು. ಅಲ್ಲಿ ಸೈಡರ್ ಎಂದರೆ ನಮ್ಮ ಸ್ಪ್ರೈಟಿನಂಥ ಬರಿಯ ಸೋಡಾ. ಸುಟ್ಟ ಮೀನು, ಅನ್ನ, ಸೋಡಾದಲ್ಲಿ ನನ್ನ ರಾತ್ರಿ ಕಳೆಯಿತು. ಅವರು ಒಳ್ಳೆಯ ಜನ.

ಊಟ ಮುಗಿಸಿ ಹೊರಗೆ ಬಂದ ಬೀದಿ ಸಾಂಗ್ನಾಮ್ ದೊಂಗ್. ಚಾಂಗ್ವೊನ್‌ನ ರಾತ್ರಿಯೆಲ್ಲ ಆ ಕೆಲವೇ ಬೀದಿಗಳಲ್ಲಿ ತುಂಬಿಕೊಂಡಿರುತ್ತದೆ. ಒಂದೊಂದು ಕಟ್ಟಡಕ್ಕೂ ನೆಲದಿಂದ ತಾರಸಿಯವರೆಗೆ ದೀಪದ ಬೋರ್ಡು. ಕಾಲಡಿಯಲ್ಲಿ ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡ ಬಣ್ಣದ ಚೀಟಿಗಳು ಮಳೆಗೆ ಉದುರಿದ ಎಲೆಯ ಹಾಗೆ ಬಿದ್ದಿದ್ದವು. ಬಾಗಿಲ ಬಳಿ ಕಪ್ಪು ಕೋಟು ಹಾಕಿದ ಹುಡುಗರು. ಇವರಿಗೆ ಅಲ್ಲಿನ ಆಡುಮಾತಿನಲ್ಲಿ 'ಪಿಕ್ಕಿ' ಎನ್ನುತ್ತಾರಂತೆ, ಗಿರಾಕಿ ಹಿಡಿಯುವವ ಎಂದರ್ಥ. ಹೀಗೆ ದಾರಿಹೋಕರನ್ನು ಎಳೆಯುವುದು ಅಲ್ಲಿ ಕಾನೂನಿಗೆ ವಿರುದ್ಧ, ಆದರೂ ನಿಂತಿರುತ್ತಾರೆ. ನಮ್ಮ ಜೊತೆ ಕೊರಿಯಾದವರು ಇರುವವರೆಗೂ ಒಬ್ಬನೂ ಹತ್ತಿರ ಬರಲಿಲ್ಲ. ಅವರು ಟ್ಯಾಕ್ಸಿ ಹತ್ತಿ ಹೋದರು, ನಾವಿಬ್ಬರು ಹೋಟೆಲಿನ ಕಡೆ ತಿರುಗಿದೆವು, ಇಪ್ಪತ್ತು ಹೆಜ್ಜೆ ಹೋಗಿಲ್ಲ, ಒಬ್ಬ ಬಂದ. "ಇಂಡಿಯಾ? ನೇಪಾಲ್? ಮೈ ಫ್ರೆಂಡ್, ಟೆನ್ ಥೌಸಂಡ್ ಓನ್ಲಿ." ನಡೆಯುತ್ತಾ ನಮ್ಮ ಹೆಜ್ಜೆಗೆ ಹೆಜ್ಜೆ ಹಾಕಿದ. ಅಣ್ಣ "ನೋ, ಥ್ಯಾಂಕ್ಯೂ" ಎಂದು ನಿಂತು ಹೇಳಿದರು. ನಿಂತದ್ದೇ ತಡ, ಇನ್ನೊಬ್ಬ ಬಂದು ಮುಂದೆ ನಿಂತ.

ನನಗೆ ನೆನಪಾದದ್ದು ಉಪ್ಪನ ಅಂಗಡಿ. ನಮ್ಮದು ದಿನಸಿ ಅಂಗಡಿ. ಉಪ್ಪ ಜೋರಾಗಿ ಕರೆಯುವವರೇ, "ಓ ಮೋನೇ, ಒಳ್ಳೆಯ ಬೆಳ್ತಿಗೆ ಬಂದಿದೆ" ಎಂದು ರಸ್ತೆಯ ಆಚೆ ಬದಿಗೆ ಕೇಳುವಷ್ಟು. ಆದರೆ ಜಗಲಿ ಇಳಿಯುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಒಮ್ಮೆ ರಸ್ತೆಗೆ ಓಡಿ ಒಬ್ಬರ ಚೀಲ ಹಿಡಿದು ಕರೆದಿದ್ದೆ. ಸಂಜೆ ಉಪ್ಪ ಹೇಳಿದ್ದು ಇಷ್ಟೇ: ಅಂಗಡಿ ಬಿಟ್ಟು ಇಳಿದರೆ ಗಿರಾಕಿಗೆ ನಮ್ಮ ತಕ್ಕಡಿಯ ಮೇಲೆ ಸಂಶಯ ಬರ್ತದೆ. ರೇಟು ಬೋರ್ಡಿನಲ್ಲಿ ಬರೆದಿರುವ ಅಂಗಡಿಗೆ ಕೈ ಹಿಡಿದು ಎಳೆಯುವವ ಯಾಕೆ ಬೇಕು? ಸಾಂಗ್ನಾಮ್ ದೊಂಗ್‌ನಲ್ಲಿ ನಾನು ನೋಡಿದ್ದೂ ಅದನ್ನೇ. ಮೀನಿನ ಹೋಟೆಲುಗಳ ಗೋಡೆಯ ಮೇಲೆ ಪ್ರತಿಯೊಂದಕ್ಕೂ ಬೆಲೆ ಬರೆದಿತ್ತು, ಬಾಗಿಲಲ್ಲಿ ಯಾರೂ ಇರಲಿಲ್ಲ. ಬಾಗಿಲಲ್ಲಿ ಜನ ನಿಂತಲ್ಲಿ ಹೊರಗೆ ಬೆಲೆ ಇರಲಿಲ್ಲ.

ಹೊಸಬನಿಗೆ ಇನ್ನೊಂದು ತೊಡಕು ಸೊನ್ನೆಗಳದ್ದು. ಕೊರಿಯಾದ ವೊನ್‌ನಲ್ಲಿ ಹತ್ತು ಸಾವಿರ ಎಂದರೆ ನಮ್ಮ ಆರುನೂರು ರೂಪಾಯಿಯ ಆಸುಪಾಸು. ಮೊದಲ ಎರಡು ದಿನ ಎಲ್ಲವೂ ದುಬಾರಿ ಅನ್ನಿಸಿ ಹೆದರುತ್ತೇವೆ, ಮೂರನೆಯ ದಿನ ಸೊನ್ನೆಗೆ ಅಭ್ಯಾಸವಾಗಿ ಹೆದರಿಕೆಯೇ ಹೋಗುತ್ತದೆ. ಆ ಮೂರನೆಯ ದಿನವೇ ಅಪಾಯ. ನಾನು ಮಾಡಿಕೊಂಡ ಲೆಕ್ಕ ಇದು: ಕೊನೆಯ ಒಂದು ಸೊನ್ನೆ ತೆಗೆ, ಉಳಿದದ್ದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಳೆ. ಎರಡು ಲಕ್ಷ ವೊನ್ ಎಂದರೆ ಹನ್ನೆರಡು ಸಾವಿರ ರೂಪಾಯಿ ಎಂದು ತಲೆಯಲ್ಲಿ ಬರುವವರೆಗೆ ಎಲ್ಲಿಯೂ ಕಾರ್ಡು ಕೊಡಬಾರದು.

ಜ್ಯೂಸಿನ ಕಥೆ ಕೇಳಿದ್ದು ಗಿಮ್ಹೆಯಲ್ಲಿ. ಚಾಂಗ್ವೊನ್ ಪಕ್ಕದ ಆ ಊರಿನಲ್ಲಿ ಪರದೇಶಿ ಕೆಲಸಗಾರರದ್ದೇ ಒಂದು ಬೀದಿ ಉಂಟು. ಉಜ್ಬೆಕ್ ರೊಟ್ಟಿ, ನೇಪಾಳಿ ಅಂಗಡಿ, ಬಾಂಗ್ಲಾದವರ ಬಿರಿಯಾನಿ ಎಲ್ಲ ಸಿಗುತ್ತದೆ. ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾದವರು ಅಲ್ಲಿನ ಸರಕಾರದ ಪರ್ಮಿಟ್ ವ್ಯವಸ್ಥೆಯಲ್ಲೇ ಕಾರ್ಖಾನೆಗಳಿಗೆ ಬರುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ, ನಾವು ಕಂಪೆನಿ ಮೂಲಕ ಹೋಗುವವರು. ಭಾನುವಾರ ಊಟಕ್ಕೆ ಹೋದಾಗ ಎದುರು ಕೂತ ಬಾಂಗ್ಲಾದ ಒಬ್ಬರು, ಏಳು ವರ್ಷದಿಂದ ಅಲ್ಲಿ ವೆಲ್ಡಿಂಗ್ ಮಾಡುವವರು, ಮುರುಕು ಹಿಂದಿಯಲ್ಲಿ ಕೇಳಿದರು: "ಭಾಯಿ, ಯಾರಾದರೂ ಜ್ಯೂಸ್ ಕುಡಿಯಲಿಕ್ಕೆ ಕರೆದರಾ?" ನಾನು ನಕ್ಕೆ. ಅವರು ನಗಲಿಲ್ಲ.

ಅಮೆರಿಕದ ಸೇನಾ ನೆಲೆಗಳ ಸುತ್ತ ಇರುವ 'ಜ್ಯೂಸಿ ಬಾರ್'ಗಳ ವಿಷಯ ಅವರು ಹೇಳಿದರು. ಒಳಗೆ ಹೋದರೆ ಒಬ್ಬ ಹುಡುಗಿ ಪಕ್ಕದಲ್ಲಿ ಬಂದು ಕೂರುತ್ತಾಳೆ, ನನಗೊಂದು ಜ್ಯೂಸ್ ಕೊಡಿಸು ಎನ್ನುತ್ತಾಳೆ. ಅದು ನಿಜವಾಗಿ ಜ್ಯೂಸೇ, ಹೆಂಡ ಅಲ್ಲ. ಆದರೆ ಆ ಗ್ಲಾಸಿನ ಬೆಲೆ ಹಣ್ಣಿನದ್ದಲ್ಲ, ಅವಳು ಕೂತ ಹೊತ್ತಿನದ್ದು. ಕೂರುವ ಹುಡುಗಿಯರಲ್ಲಿ ಬಹಳ ಮಂದಿ ಹಾಡುಗಾರರ ವೀಸಾದಲ್ಲಿ ಫಿಲಿಪ್ಪೀನ್ಸ್‌ನಿಂದ ಬಂದು ಸಿಕ್ಕಿಹಾಕಿಕೊಂಡವರು. ಇದು ಎಷ್ಟರಮಟ್ಟಿಗೆ ಹೋಯಿತೆಂದರೆ, 2014ರಲ್ಲಿ ಕೊರಿಯಾದಲ್ಲಿರುವ ಅಮೆರಿಕದ ಸೇನೆಯೇ ತನ್ನ ಸೈನಿಕರಿಗೆ ಹೀಗೆ ಜೊತೆಗೆ ಕೂರುವುದಕ್ಕೆ ದುಡ್ಡು ಕೊಡಬಾರದೆಂದು ಆದೇಶ ಹೊರಡಿಸಿತು. ಬಾಂಗ್ಲಾದವರು ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಕುಡಿಯುವವ ಎರಡು ಪೆಗ್ ಹಾಕಿ ಜಗಳ ಮಾಡುತ್ತಾನೆ, ಪೊಲೀಸರನ್ನು ಕರೆಯುತ್ತಾನೆ. ನಮ್ಮ ನಮಾಝಿ ಹುಡುಗ ಬಾಯಿ ಮುಚ್ಚಿ ದುಡ್ಡು ಕೊಟ್ಟು ಬರುತ್ತಾನೆ, ಯಾಕೆಂದರೆ ಅಲ್ಲಿಗೆ ಹೋದದ್ದನ್ನು ಯಾರಿಗೂ ಹೇಳುವ ಹಾಗಿಲ್ಲ.

ಎರಡನೆಯ ವಾರಾಂತ್ಯ ಸೋಲ್‌ಗೆ ಹೋದೆ. ಅಲ್ಲಿನ ದೊಡ್ಡ ಪಳ್ಳಿ ನೋಡುವ ಆಸೆ. 1950ರ ಯುದ್ಧಕ್ಕೆ ಬಂದ ತುರ್ಕಿ ಸೈನಿಕರ ಜೊತೆಯ ಇಮಾಮರಿಂದ ಕೊರಿಯನ್ನರಲ್ಲಿ ಕೆಲವರು ಇಸ್ಲಾಂ ಕಲಿತರು. ಮುಂದೆ ಅಲ್ಲಿನ ಸರಕಾರ ಜಾಗ ಕೊಟ್ಟಿತು, ಸೌದಿ ಮೊದಲಾದ ದೇಶಗಳು ಹಣ ಕೊಟ್ಟವು, 1976ರಲ್ಲಿ ಪಳ್ಳಿ ತೆರೆಯಿತು. ಇರುವುದು ಇಟೆವೊನ್ ಗುಡ್ಡದ ಮೇಲೆ. ಹಲಾಲ್ ಹೋಟೆಲುಗಳ ಸಾಲು ಪಳ್ಳಿಯ ಬುಡದಲ್ಲೇ. ಆದರೆ ಇಟೆವೊನ್ ಎಂದರೆ ಅಮೆರಿಕದ ಸೈನಿಕರಿಗಾಗಿ ಬೆಳೆದ ಬೀದಿ ಕೂಡ. ಮೆಟ್ರೋ ಇಳಿದು, ಅಗ್ನಿಶಾಮಕ ಠಾಣೆಯ ಹತ್ತಿರ ತಿರುಗಿ ಗುಡ್ಡ ಹತ್ತಬೇಕು. ಅದೇ ಏರಿನ ಪಕ್ಕದ ಗಲ್ಲಿ ದಶಕಗಳಿಂದ ವೇಶ್ಯಾವಾಟಿಕೆಗೆ ಹೆಸರಾದದ್ದು. ಮನೆಯಲ್ಲಿ ಕೇಳುವ ಎರಡೂ ಪ್ರಶ್ನೆಗೆ ಅಲ್ಲಿ "ಹೌದು" ಎಂಬ ಉತ್ತರವೇ. ಪಳ್ಳಿ ಉಂಟು, ಹಲಾಲ್ ಉಂಟು. ಆ ದಾರಿಯಲ್ಲೇ ಅವರೂ ನಿಂತಿರುತ್ತಾರೆ. ಟೋಪಿ ಕಂಡವನೊಬ್ಬ ನನಗೆ ಸಲಾಂ ಹೇಳಿ, "ಹಲಾಲ್ ಫುಡ್, ಮ್ಯೂಸಿಕ್, ಕಮ್" ಎಂದ. ನಾನು ಸಲಾಮಿಗೆ ಉತ್ತರ ಹೇಳಿ ನಡೆಯುತ್ತಲೇ ಇದ್ದೆ. ಅಸರ್ ಜಮಾಅತ್ ಸಿಕ್ಕಿತು. ಎತ್ತರದ ಆ ಅಂಗಳದಿಂದ ಸೋಲ್ ನಗರ ಬಹಳ ಚಂದ ಕಾಣುತ್ತದೆ, ಹೋಗುವವರು ಖಂಡಿತ ನೋಡಿ.

ಈಗ ಹೊಸೂರಿಗೆ ಬರುತ್ತೇನೆ.

ಇಲ್ಲಿ ಇಂಥ ಕ್ಲಬ್ಬಿನ ಬೀದಿ ಇಲ್ಲ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ 1937ರಲ್ಲಿ ಮದ್ರಾಸ್ ಪ್ರಾಂತ್ಯದ ಅಧಿಕಾರ ಹಿಡಿದಾಗ ಪಾನನಿಷೇಧವನ್ನು ಮೊದಲು ಜಾರಿ ಮಾಡಿದ್ದು ಸೇಲಂ ಜಿಲ್ಲೆಯಲ್ಲಿ. ಹೊಸೂರು ಆಗ ಅದೇ ಜಿಲ್ಲೆಯದು. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಆ ನಿಷೇಧ ಯಾವಾಗಲೋ ಹೋಯಿತು. ಈಗ ಚಿಲ್ಲರೆ ಮಾರಾಟ ಮಾಡುವುದು ಸರಕಾರದ ಟಾಸ್ಮಾಕ್ ಅಂಗಡಿ. ಮಧ್ಯಾಹ್ನ ಹನ್ನೆರಡಕ್ಕೆ ತೆರೆದು ರಾತ್ರಿ ಹತ್ತಕ್ಕೆ ಮುಚ್ಚುತ್ತದೆ. ಹತ್ತರ ಮೇಲೆ ಬೆಳಕು ಬೇಕಾದವರು ಗಡಿ ದಾಟುತ್ತಾರೆ. ಜೂಜುವಾಡಿ ಕಳೆದರೆ ಅತ್ತಿಬೆಲೆ, ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿ, ಒಟ್ಟು ನಲವತ್ತು ಕಿಲೋಮೀಟರಿನಲ್ಲಿ ಬೆಂಗಳೂರು. ಸಂಬಳದ ಶನಿವಾರ ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ತಿಳಿಯುತ್ತದೆ. ಒಡಿಶಾ, ಜಾರ್ಖಂಡ್, ಅಸ್ಸಾಂ, ತಿರುನೆಲ್ವೇಲಿ, ನಮ್ಮ ದಕ್ಷಿಣ ಕನ್ನಡ, ಎಲ್ಲ ಕಡೆಯ ಹತ್ತೊಂಬತ್ತು ಇಪ್ಪತ್ತರ ಹುಡುಗರು ಇಸ್ತ್ರಿ ಅಂಗಿ ಹಾಕಿ ಬೆಂಗಳೂರು ಬಸ್ಸಿಗೆ ಓಡುತ್ತಾರೆ. ಅವರಲ್ಲಿ ಹೆಚ್ಚಿನವರು ಹೋಗುವುದು ಮಾಲ್ ನೋಡಲಿಕ್ಕೆ, ಶೂ ಕೊಳ್ಳಲಿಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ.

ನಾವು ಊರಿನವರು ನಾಲ್ಕೈದು ಮಂದಿ ಬಾಗಲೂರು ರಸ್ತೆಯ ಕಡೆ ಒಂದು ಮನೆ ಹಿಡಿದಿದ್ದೇವೆ. 2023ರಲ್ಲಿ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ ಟ್ರೈನಿಯಾಗಿ ಬಂದು ಸೇರಿದ. ಐದು ಹೊತ್ತಿನ ನಮಾಝ್, ಬೀಡಿ ಸಿಗರೇಟು ಇಲ್ಲ, ಮಾತು ಕಡಿಮೆ. ಮೊದಲ ಪೂರ್ತಿ ಸಂಬಳ ಹದಿನಾಲ್ಕೂವರೆ ಸಾವಿರ ಕೈಗೆ ಬಂತು. ಉಮ್ಮನಿಗೆ ಎಂಟು ಸಾವಿರ ಕಳಿಸುತ್ತೇನೆ ಎಂದು ಹೇಳಿ ಆಗಿತ್ತು. ಆ ಶನಿವಾರ ಒಬ್ಬನೇ ಬ್ರಿಗೇಡ್ ರೋಡಿಗೆ ಹೋದ.

ರಾತ್ರಿ ಹನ್ನೊಂದೂಮುಕ್ಕಾಲಿಗೆ ನನಗೆ ಫೋನ್ ಬಂತು. "ಕಾಕಾ, ಐದು ಸಾವಿರದ ಆರುನೂರು ಕಳಿಸ್ತೀರಾ? ಬಂದು ಹೇಳ್ತೇನೆ." ಅವನ ಸ್ವರ ಸರಿ ಇರಲಿಲ್ಲ. ಎಲ್ಲಿದ್ದೀ ಎಂದರೆ ಉತ್ತರ ಇಲ್ಲ. ಆಸ್ಪತ್ರೆಯಾ, ಪೊಲೀಸಾ ಎಂದು ಕೇಳಿದೆ. ಆಮೇಲೆ ಹಿಂದಿನಿಂದ ಹಾಡಿನ ಸದ್ದು ಕೇಳಿಸಿತು, ನನಗೆ ಗಿಮ್ಹೆಯ ಮನುಷ್ಯ ನೆನಪಾದರು. "ಮೋನೇ, ಜ್ಯೂಸ್ ಕುಡಿದೆಯಾ?" ಎಂದು ಕೇಳಿದೆ. ಆ ಕಡೆ ಹುಡುಗ ಅತ್ತುಬಿಟ್ಟ.

ಕುಡಿದದ್ದು ಎರಡು ಲೈಮ್ ಸೋಡಾ. ರಸ್ತೆಯಲ್ಲಿ ಒಬ್ಬ, "ಬ್ರದರ್, ಮೇಲೆ ಹೋಟೆಲ್ ಉಂಟು, ಹಾಡು ಕೇಳ್ತಾ ಊಟ ಮಾಡಿ, ಎಂಟ್ರಿ ಫ್ರೀ" ಎಂದನಂತೆ. ಮೆಟ್ಟಿಲು ಹತ್ತಿ ಒಳಗೆ ಹೋದಾಗಲೇ ಇದು ಹೋಟೆಲಲ್ಲ ಎಂದು ಹುಡುಗನಿಗೆ ಗೊತ್ತಾಗಿದೆ. ಏಳಬೇಕೆನ್ನುವಷ್ಟರಲ್ಲಿ ಸೋಡಾ ಬಂತು. ಬೇಡ ಎನ್ನಲು ಸಂಕೋಚ. ನಲವತ್ತು ನಿಮಿಷದ ಮೇಲೆ ಕೈಬರಹದ ಚೀಟಿ ತಂದಿಟ್ಟರು. ಎರಡು ಸೋಡಾ 1,300, ಆಲೂ ಚಿಪ್ಸು 900, ಟೇಬಲ್ 3,000, ಆರ್ಟಿಸ್ಟ್ 5,000, ಸರ್ವಿಸ್ 1,600. ಒಟ್ಟು 11,800. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಸಿ 6,200 ತೆಗೆದುಕೊಂಡರು. ಉಳಿದದ್ದು ಯಾರ ಹತ್ತಿರವಾದರೂ ತರಿಸು, ಆಮೇಲೆ ಹೋಗು ಎಂದು ಬಾಗಿಲ ಬಳಿ ಇಬ್ಬರು ನಿಂತರು.

ನಾನು ಮ್ಯಾನೇಜರಿಗೆ ಫೋನ್ ಕೊಡು ಎಂದೆ. ಅವನು ಬಹಳ ಮರ್ಯಾದೆಯಿಂದ ಮಾತಾಡಿದ, "ನಿಮ್ಮ ತಮ್ಮ ಎಂಜಾಯ್ ಮಾಡಿದ್ದಾನೆ ಸಾರ್" ಎಂದ. ನಾನೂ ಮರ್ಯಾದೆಯಿಂದಲೇ, "ಕೊಡುತ್ತೇನೆ ಸಾರ್, ಅಂಗಡಿಯ ಹೆಸರು, ಜಿಎಸ್‌ಟಿ ನಂಬರ್ ಇರುವ ಪ್ರಿಂಟೆಡ್ ಬಿಲ್ ಕಳಿಸಿ, ಅಂಗಡಿಯ ಅಕೌಂಟಿಗೇ ಹಾಕ್ತೇನೆ. ಅದು ಬರುವವರೆಗೆ ಹುಡುಗ ಅಲ್ಲೇ ಇರಲಿ, ನಾನು 112ಕ್ಕೆ ಹೇಳಿ ಒಬ್ಬರನ್ನು ಕಳಿಸ್ತೇನೆ" ಎಂದೆ. ಸ್ವಲ್ಪ ಹೊತ್ತು ಹಾಡು ಮಾತ್ರ ಕೇಳುತ್ತಿತ್ತು. ಆಮೇಲೆ, "ಚಿಕ್ಕ ಹುಡುಗ ಅಂತ ಬಿಡ್ತಿದ್ದೇವೆ" ಎಂದ. ಅಷ್ಟೇ. ಅಂಗಡಿಯವನ ಮಗನಿಗೆ ಗೊತ್ತಿರುವ ಸಂಗತಿ ಇದು: ಹೋಟೆಲಿನವರು ನೀರಿನ ಬಾಟಲಿಗೂ ಎಂಆರ್‌ಪಿ ಮೀರಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟೇ 2017ರಲ್ಲಿ ಹೇಳಿದೆ, ಬೆಲೆ ಹೆಚ್ಚಾಯಿತು ಎಂದು ಜಗಳ ಮಾಡಿ ಪ್ರಯೋಜನವಿಲ್ಲ. ಆದರೆ ಬಿಲ್ಲು ಕೇಳಿದರೆ ಕಷ್ಟ. ಹುಡುಗ ಸ್ಕ್ಯಾನ್ ಮಾಡಿದ ಕ್ಯೂಆರ್‌ನಲ್ಲಿ ಇದ್ದದ್ದು ಅಂಗಡಿಯ ಹೆಸರಲ್ಲ, ಯಾರದೋ ವ್ಯಕ್ತಿಯ ಹೆಸರು.

(112 ಎಂಬ ಪೊಲೀಸ್ ನಂಬರ್ ಕೊರಿಯಾದಲ್ಲೂ ಅದೇ, ನಮ್ಮಲ್ಲೂ ಅದೇ. ಕೊರಿಯಾದಲ್ಲಿ ಭಾಷೆ ಬಾರದಿದ್ದರೆ 1330 ಒತ್ತಿದರೆ ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ಸಹಾಯ ಸಿಗುತ್ತದೆ, ಹಗಲು ರಾತ್ರಿ.)

ಶಾಂತಿನಗರದವರೆಗೆ ನಡೆದು, ಸೇಲಂ ಬಸ್ಸು ಹಿಡಿದು, ಬೆಳಗಿನ ಜಾವ ಮೂರೂಕಾಲಿಗೆ ಮನೆಗೆ ಬಂದ. ಚಾ ಮಾಡಿ ಕೊಟ್ಟೆ. "ಉಪ್ಪನಿಗೆ ಹೇಳ್ಬೇಡಿ ಕಾಕಾ" ಎಂದ. ಅದು ಅವನ ವಿಷಯ, ಅವನೇ ಹೇಳಬೇಕಾದದ್ದು. ನಾನು ಹೇಳಲಿಲ್ಲ.

ಒಂದು ತಿಂಗಳ ಮೇಲೆ ಎಸ್.ಪಿ. ರೋಡಿಗೆ ಬೇರಿಂಗ್ ತರಲು ಹೋದವನು ಸಂಜೆ ಬ್ರಿಗೇಡ್ ರೋಡಿಗೂ ಹೋದೆ. ಲೈವ್ ಬ್ಯಾಂಡ್ ನಡೆಸುವವರು ಪೊಲೀಸರ ಲೈಸೆನ್ಸ್ ಪಡೆಯಬೇಕೆಂಬ 2005ರ ಬೆಂಗಳೂರಿನ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿ ಹಿಡಿದಿದೆ. ಕಾನೂನಿಗೆ ಕೊರತೆ ಇಲ್ಲ. ಕತ್ತಲಾಗುವ ಹೊತ್ತಿಗೆ ಒಬ್ಬ ನನ್ನ ಪಕ್ಕಕ್ಕೂ ಬಂದ. ಇಪ್ಪತ್ತೆರಡರ ಹುಡುಗ, ಉತ್ತರ ಕರ್ನಾಟಕದ ಮಾತು. ನಾನು ಬರುವುದಿಲ್ಲ, ಚಾ ಕುಡಿಯುವುದಾದರೆ ಬಾ ಎಂದೆ. ಬಂದ. ಒಂದು ತಲೆಗೆ ಇಷ್ಟು ಎಂದು ಕೊಡುತ್ತಾರಂತೆ, ಸಂಬಳ ಇಲ್ಲ. ಅವನೂ ಬೇರೆ ಏನೋ ಕೆಲಸ ಎಂದು ನಂಬಿ ಊರಿಂದ ಬಂದವನೇ. ಗಿರಾಕಿಯನ್ನು ಹೇಗೆ ಆರಿಸುತ್ತೀ ಎಂದು ಕೇಳಿದೆ. ಒಬ್ಬನೇ ಇರಬೇಕು, ಹೊಸ ಶೂ ಇರಬೇಕು, ತಲೆ ಎತ್ತಿ ಬೋರ್ಡು ಓದುತ್ತಾ ನಡೆಯಬೇಕು ಎಂದ. ಆಮೇಲೆ, "ಬೈದು ಹೋಗಾವ ಸಿಗಂಗಿಲ್ಲ ಅಣ್ಣಾರ. ಮಾತಾಡದ ಹೋಗಾವನೂ ಸಿಗಂಗಿಲ್ಲ. ನಿಂತು ಸಮಾಧಾನದಿಂದ 'ಬೇಡ' ಅಂತಾನ ನೋಡ್ರಿ, ಅಂವ ಬರ್ತಾನ" ಎಂದ.

ಮನೆಯಲ್ಲಿ ನಾವು ಮಕ್ಕಳಿಗೆ ಕಲಿಸುವುದು ಅದನ್ನೇ. ಯಾರಾದರೂ ಮಾತಾಡಿಸಿದರೆ ನಿಂತು ಉತ್ತರ ಕೊಡಬೇಕು, ಮುಖ ತಿರುಗಿಸಿ ಹೋಗಬಾರದು. ಒಳ್ಳೆಯ ಬುದ್ಧಿಯೇ. ಅದರ ಜೊತೆಗೆ, ರಾತ್ರಿ ಬೀದಿಯಲ್ಲಿ ನಿಲ್ಲಬೇಕಾಗಿಲ್ಲ, ನಡೆಯುತ್ತಲೇ ಇರಬಹುದು ಎಂದೂ ಹೇಳಬೇಕಾಗಿದೆ.

ನಾನು ವಿಷಯ ಮುಗಿಯಿತು ಎಂದುಕೊಂಡಿದ್ದೆ. ಹುಡುಗ ಮಾತ್ರ ಉಮ್ಮನಿಗೆ ಹೇಳಿದ ಎಂಟು ಸಾವಿರ ಕಡಿಮೆಯಾಗಬಾರದೆಂದು ಮರುದಿನವೇ ಮೊಬೈಲಿನಲ್ಲಿ ಸಾಲದ ಆ್ಯಪ್ ಒಂದನ್ನು ಹಾಕಿಕೊಂಡಿದ್ದ. ಐದು ಸಾವಿರ ಎಂದು ಬರೆಸಿ, 3,400 ಕೈಗೆ ಕೊಟ್ಟು, ಏಳು ದಿನಕ್ಕೆ ಐದು ಸಾವಿರ ವಾಪಸು ಕೇಳುವ ಜಾತಿಯದು. ಅದನ್ನು ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಎರಡು ತಿಂಗಳಲ್ಲಿ ಮೂವತ್ತೆರಡು ಸಾವಿರ ಬೇಡಿಕೆ. ನಮ್ಮ ಜೊತೆ ಜುಮಾಕ್ಕೆ ಬರುವುದು ನಿಲ್ಲಿಸಿದ, ಮನೆಯ ಫೋನ್ ಎತ್ತುವುದು ನಿಲ್ಲಿಸಿದ, ಓವರ್‌ಟೈಮ್ ಎಂದ. ಒಂದು ಬೆಳಿಗ್ಗೆ ನನ್ನ ವಾಟ್ಸಾಪಿಗೆ ಅವನ ಫೋಟೋ ಬಂತು, ಕೆಳಗೆ 'ಕಳ್ಳ' ಎಂದು ಬರೆದು. ಅವನ ಮೊಬೈಲಿನಲ್ಲಿದ್ದ ಎಲ್ಲ ನಂಬರಿಗೂ ಹೋಗಿತ್ತು. ಊರಿನ ಮದ್ರಸದ ಉಸ್ತಾದರಿಗೂ.

ಉಸ್ತಾದರು ಮಾಡಿದ ಒಂದು ಕೆಲಸವನ್ನು ನಾನು ಮರೆಯುವುದಿಲ್ಲ. ಅವರು ಹುಡುಗನ ಮನೆಗೆ ಹೋಗಲಿಲ್ಲ, ಕಮಿಟಿಯವರಿಗೆ ತೋರಿಸಲಿಲ್ಲ. ಮೊದಲು ಅವನಿಗೇ ಫೋನ್ ಮಾಡಿ, ಊಟ ಆಯಿತಾ, ಎಷ್ಟು ದುಡ್ಡು ಬೇಕು ಎಂದು ಕೇಳಿದರು. ಆ ದಿನ ಹುಡುಗ ಎಲ್ಲ ಬಾಯಿ ಬಿಟ್ಟ. ಸಾಲದ ಆ್ಯಪ್‌ಗಳು ಮೊಬೈಲಿನ ನಂಬರ್ ಪಟ್ಟಿಗೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ನಾವು 1930ಕ್ಕೆ ಫೋನ್ ಮಾಡಿ, ಸೈಬರ್ ಪೋರ್ಟಲಿನಲ್ಲಿ ದೂರು ದಾಖಲಿಸಿ, ಒಂದು ಪೈಸೆಯನ್ನೂ ಮತ್ತೆ ಕಟ್ಟದೆ ಕುಳಿತೆವು. ಮೂರು ವಾರ ಬೈಗುಳದ ಮೆಸೇಜ್ ಬಂದವು, ಆಮೇಲೆ ನಿಂತವು.

ಅಷ್ಟರಲ್ಲಿ ಉಪ್ಪನಿಗೂ ವಿಷಯ ಮುಟ್ಟಿತ್ತು. ಅವರು ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಹೊಸೂರಿಗೆ ಬಂದಿಳಿದರು, ಕೈಯಲ್ಲಿ ಕಲ್ತಪ್ಪದ ಡಬ್ಬಿ. ನಾವು ಮೂವರು ನೆಲದ ಮೇಲೆ ಕೂತೆವು. ಹುಡುಗ ತಲೆ ಎತ್ತಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, "ಎಷ್ಟು ಹೊತ್ತು ಕೂತಿದ್ದೆ ಅಲ್ಲಿ?" ಎಂದರು. ನಲವತ್ತು ನಿಮಿಷ ಎಂದ. "ನಾನು ಮೂರು ಗಂಟೆ" ಎಂದರು.

1994ರಲ್ಲಿ ಸೌದಿ ವೀಸಾಕ್ಕೆ ಕಾಯುತ್ತಾ ಅವರು ಬೊಂಬಾಯಿಯಲ್ಲಿ ಒಂದೂವರೆ ತಿಂಗಳು ಇದ್ದರಂತೆ. ಊರಿನವರು ಎಷ್ಟೋ ಮಂದಿ ಹಾಗೆ ಕಾದವರೇ. ಗ್ರಾಂಟ್ ರೋಡ್ ಹತ್ತಿರ ಒಬ್ಬ, "ಚಾಚಾ, ಠಂಡಾ ಪಿಯೋ" ಎಂದು ಒಳಗೆ ಕರೆದಿದ್ದಾನೆ. ಏಜೆಂಟಿಗೆ ಕೊಡಲು ಸೊಂಟದಲ್ಲಿ ಕಟ್ಟಿಕೊಂಡಿದ್ದ ಹಣದಲ್ಲಿ ಎರಡು ಸಾವಿರ ಹೋಯಿತು. ಇಪ್ಪತ್ತೊಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಆ ಎರಡು ಸಾವಿರಕ್ಕೆ ಊರಲ್ಲಿ ಪಿಕ್‌ಪಾಕೆಟ್ ಎಂದು ಹೇಳಿದ್ದರು, ಮನೆಯಲ್ಲಿ ಈಗಲೂ ಅದು ಪಿಕ್‌ಪಾಕೆಟ್ಟೇ. ಹುಡುಗ ಮೊದಲ ಸಲ ತಲೆ ಎತ್ತಿ ಉಪ್ಪನ ಮುಖ ನೋಡಿದ. ಅವರು ಡಬ್ಬಿಯ ಮುಚ್ಚಳ ತೆಗೆದು ಅವನ ಕಡೆ ಸರಿಸಿ, "ಇದು ನಿನ್ನ ಉಮ್ಮನಿಗೆ ಗೊತ್ತಾಗ್ಬಾರ್ದು" ಎಂದರು.

ಇದನ್ನು ಬರೆಯಲೇ ಎಂದು ಕಳೆದ ತಿಂಗಳು ಅವರನ್ನು ಫೋನಿನಲ್ಲಿ ಕೇಳಿದೆ. ಅಡ್ಡಿಯಿಲ್ಲ ಎಂದರು. "ನನ್ನ ಹೆಸರು ಬೇಡ, ಊರಿನ ಹೆಸರೂ ಬೇಡ. ಬೊಂಬಾಯಿ ಅಂತ ಬರೆ, ನಮ್ಮ ಊರಿಂದ ಬೊಂಬಾಯಿಗೆ ಹೋಗದವರು ಯಾರಿದ್ದಾರೆ?"